‘ಹೆಸರಿಗಷ್ಟೇ ಡೈರೆಕ್ಟರ್’ ಆಗಿದ್ದೆ. ಕಂಪನಿ ಮುಳುಗಿತು, ತೆರಿಗೆ ಬಾಕಿ ನನ್ನ ಖಾತೆಗೆ ಬಂತು

2023ರ ಜುಲೈನಲ್ಲಿ ಮಗಳ ಕಾಲೇಜು ಫೀಸು ಕಟ್ಟಲು ಕೂತರೆ ದುಡ್ಡು ಹೋಗುತ್ತಲೇ ಇಲ್ಲ. ಸರ್ವರ್ ಕೈಕೊಟ್ಟಿರಬೇಕು ಅಂದುಕೊಂಡು ಮೂರು ಸಲ ಒತ್ತಿದೆ. ಮರುದಿನ ಬ್ಯಾಂಕಿಗೆ ಹೋದಾಗ ಕೌಂಟರಿನ ಹುಡುಗಿ ದನಿ ತಗ್ಗಿಸಿ, "ಮೇಡಂ, ಜಿಎಸ್‌ಟಿ ಆಫೀಸಿಂದ ಡಿಆರ್‌ಸಿ-13 ಅನ್ನೋ ವಸೂಲಿ ನೋಟಿಸ್ ಬಂದಿದೆ, ಅಕೌಂಟ್ ಹಿಡಿದಿದ್ದಾರೆ" ಅಂದಳು. ನಾನು ಮೈಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ನನಗೂ ಜಿಎಸ್‌ಟಿಗೂ ಇದ್ದ ಸಂಬಂಧ ಹೋಟೆಲ್ ಬಿಲ್ಲಿನಷ್ಟೇ.

ಹಾಗಂತ ನಾನು ನಂಬಿಕೊಂಡಿದ್ದೆ.

2014ರಲ್ಲಿ ಭಾವ ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸದ ಕಂಪನಿ ಶುರು ಮಾಡಿದರು. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಡೈರೆಕ್ಟರ್ ಇರಲೇಬೇಕು. ಅಕ್ಕ ಸರ್ಕಾರಿ ಶಾಲೆಯ ಟೀಚರ್, ಅವಳ ಹೆಸರು ಹಾಕುವ ಹಾಗಿಲ್ಲ. "ನಿನ್ನ ಹೆಸರು ಹಾಕ್ತೀನಿ ಕಣಮ್ಮ, ಹೆಸರಿಗಷ್ಟೇ. ನಿನಗೇನೂ ತಲೆನೋವಿಲ್ಲ" ಅಂದರು. ಅಕ್ಕನ ಮನೆಯ ಊಟದ ಮೇಜಿನ ಮೇಲೆ ಸಹಿ ಹಾಕಿದೆ. ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡಿ ಅಂತ ನಮ್ಮಪ್ಪ ಸಾಯುವವರೆಗೂ ಹೇಳುತ್ತಿದ್ದರು. ಆ ಮಾತು ನೆನಪಿಟ್ಟುಕೊಂಡು ಬ್ಯಾಂಕ್ ಸಾಲದ ಜಾಮೀನಿಗೆ ಮಾತ್ರ ಸಹಿ ಹಾಕಲಿಲ್ಲ, ಅದಕ್ಕೆ ಭಾವ ತಮ್ಮ ಸೈಟು ಅಡವಿಟ್ಟರು. ಡೈರೆಕ್ಟರ್ ಸಹಿಯೂ ಒಂದು ಬಗೆಯ ಜಾಮೀನೇ ಅನ್ನುವುದು ಅಪ್ಪನಿಗೂ ಗೊತ್ತಿರಲಿಲ್ಲ.

ಕಂಪನಿ ಒಂದೇ ದಿನ ಮುಳುಗಲಿಲ್ಲ. ದೊಡ್ಡ ಗಿರಾಕಿಗಳು ತೊಂಬತ್ತು ದಿನ, ನೂರಿಪ್ಪತ್ತು ದಿನ ಅಂತ ದುಡ್ಡು ಎಳೆಯುತ್ತಿದ್ದರು. ಹುಡುಗರ ಸಂಬಳ, ಬ್ಯಾಂಕಿನ ಬಡ್ಡಿ ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ಆಗ ಭಾವ ಕೈ ಹಾಕಿದ್ದು ಜಿಎಸ್‌ಟಿ ದುಡ್ಡಿಗೆ. ಬಿಲ್ಲಿನಲ್ಲಿ ಶೇಕಡಾ 18 ವಸೂಲಿ ಮಾಡಿ, ಅದನ್ನೇ ಸಂಬಳಕ್ಕೆ ತಿರುಗಿಸಿದರು. ಗಿರಾಕಿಗಳಿಗೆ ಅವರು ಕೊಟ್ಟ ತೆರಿಗೆಯ ಕ್ರೆಡಿಟ್ (ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ) ಕಾಣಿಸಬೇಕಲ್ಲ, ಅದಕ್ಕಾಗಿ ಬಿಲ್ಲುಗಳ ವಿವರ ಇರುವ ಜಿಎಸ್‌ಟಿಆರ್-1 ತಪ್ಪದೆ ಸಲ್ಲಿಸಿದರು. ತೆರಿಗೆ ಕಟ್ಟಿದರೆ ಮಾತ್ರ ಮುಗಿಯುವ ಇನ್ನೊಂದು ರಿಟರ್ನ್, ಜಿಎಸ್‌ಟಿಆರ್-3ಬಿ, ಸಲ್ಲಿಸಲಿಲ್ಲ. 2018-19ರಲ್ಲಿ ಹೀಗೆ ಮಾಡಲು ಬರುತ್ತಿತ್ತು, ಹಿಂದಿನ ತಿಂಗಳ 3ಬಿ ಇಲ್ಲದಿದ್ದರೆ ಜಿಎಸ್‌ಟಿಆರ್-1 ಕೂಡ ಸಲ್ಲಿಸಲಾಗದಂತೆ ಕಟ್ಟಿದ್ದು 2022ರಿಂದ. ಅಂದರೆ ಎಷ್ಟು ಬಾಕಿ ಅನ್ನುವುದನ್ನು ನಮ್ಮ ಕಂಪನಿಯೇ ಲೆಕ್ಕ ಬರೆದು ಸರ್ಕಾರದ ಕೈಗೆ ಕೊಟ್ಟಿತ್ತು. ಅದರ ಮೇಲೆ ವರ್ಷಕ್ಕೆ ಶೇಕಡಾ 18 ಬಡ್ಡಿ ಬೇರೆ. ಭಾವ ಕಳ್ಳರಲ್ಲ, ಇದನ್ನು ಇವತ್ತಿಗೂ ಹೇಳುತ್ತೇನೆ. ಬ್ಯಾಂಕು ಕೇಳುತ್ತದೆ, ಕೆಲಸಗಾರರು ಎದುರಿಗೆ ನಿಲ್ಲುತ್ತಾರೆ. ತೆರಿಗೆ ಇಲಾಖೆ ತಕ್ಷಣ ಬಾಗಿಲು ತಟ್ಟುವುದಿಲ್ಲ. ಅದಕ್ಕೇ ಎಲ್ಲರೂ ಮೊದಲು ಅದನ್ನು ಬಾಕಿ ಇಡುತ್ತಾರೆ.

ಲಾಕ್‌ಡೌನ್ ಆದಮೇಲೆ ಯಂತ್ರ ಮತ್ತೆ ತಿರುಗಲಿಲ್ಲ. ಒಂದು ಕೋಟಿಗಿಂತ ಹೆಚ್ಚು ಬಾಕಿಯಿದ್ದ ಉಕ್ಕಿನ ವ್ಯಾಪಾರಿಯೊಬ್ಬರು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ದಿವಾಳಿ ಅರ್ಜಿ ಹಾಕಿದರು, 2021ರಲ್ಲಿ ಅಂಗೀಕಾರವಾಯಿತು. ಕಂಪನಿ ಮೇಲಿನ ದಾವೆ, ವಸೂಲಿಗೆಲ್ಲ ತಡೆ ಬಂತು. "ಇನ್ನು ಚಿಂತೆ ಇಲ್ಲ, ಎಲ್ಲ ಕೋರ್ಟೇ ನೋಡಿಕೊಳ್ಳುತ್ತೆ" ಅಂತ ಭಾವ ಫೋನಿನಲ್ಲಿ ಹೇಳಿದ್ದು ನೆನಪಿದೆ. ಆ ತಡೆ ಕಂಪನಿಗೆ ಮಾತ್ರ, ಡೈರೆಕ್ಟರುಗಳಿಗಲ್ಲ ಅಂತ ಆಗ ಯಾರೂ ಹೇಳಲಿಲ್ಲ.

ಯಾರಾದರೂ ಕಂಪನಿಯನ್ನು ಕೊಂಡು ನಡೆಸುವ ಯೋಜನೆ ಕೊಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಒಪ್ಪಿಗೆಯಾದ ಯೋಜನೆಯಲ್ಲಿ ಸೇರದ ಬಾಕಿ, ಸರ್ಕಾರದ್ದೇ ಆಗಿದ್ದರೂ, ಕಂಪನಿಯ ಮಟ್ಟಿಗೆ ಅಳಿದುಹೋಗುತ್ತದೆ ಅಂತ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹಳೇ ಪ್ರೆಸ್ ಯಂತ್ರಗಳ ಶೆಡ್ಡಿಗೆ ಯಾರು ಬರುತ್ತಾರೆ? 2022ರಲ್ಲಿ ಲಿಕ್ವಿಡೇಶನ್, ಅಂದರೆ ಆಸ್ತಿ ಮಾರಿ ಕಂಪನಿ ಮುಚ್ಚುವ, ಆದೇಶವಾಯಿತು, ಯಂತ್ರಗಳು ಹೆಚ್ಚುಕಡಿಮೆ ಗುಜರಿ ಬೆಲೆಗೆ ಹೋದವು.

ಬಂದ ದುಡ್ಡು ಹಂಚುವುದಕ್ಕೆ ದಿವಾಳಿ ಸಂಹಿತೆಯ 53ನೇ ಕಲಂನಲ್ಲಿ ಒಂದು ಸರದಿ ಇದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಅಡಮಾನ ಇಟ್ಟುಕೊಂಡ ಬ್ಯಾಂಕು ಮತ್ತು ಕಾರ್ಮಿಕರ 24 ತಿಂಗಳ ಬಾಕಿ, ಇವೆರಡೂ ಸಮಸಮ. ಅವರ ಹಿಂದೆ ಉಳಿದ ನೌಕರರ 12 ತಿಂಗಳ ಸಂಬಳ, ಅದರ ಹಿಂದೆ ಅಡಮಾನವಿಲ್ಲದೆ ಸಾಲ ಕೊಟ್ಟವರು. ಇವರೆಲ್ಲರ ಬೆನ್ನಿಗೆ ಸರ್ಕಾರದ ಬಾಕಿ. ಪಿಎಫ್, ಗ್ರಾಚುಯಿಟಿ ಬಾಕಿ ಈ ಹಂಚಿಕೆಯ ಹೊರಗೇ ಉಳಿಯುತ್ತದೆ. ನಮ್ಮಲ್ಲಿ ದುಡ್ಡು ಎರಡನೇ ಮೆಟ್ಟಿಲಲ್ಲೇ ಮುಗಿಯಿತು. ತೆರಿಗೆಗೆ ಸಿಕ್ಕಿದ್ದು ಸೊನ್ನೆ.

ಈಗ ಹೇಳಿದರೆ ನಗುತ್ತೀರಿ, ನನ್ನ ಖಾತೆ ಹಿಡಿದಮೇಲಿನ ದಿನಗಳಲ್ಲಿ ತೆರಿಗೆ ಇಲಾಖೆ ಗೆಲ್ಲಲಿ ಅಂತ ದೇವರಿಗೆ ಕೈ ಮುಗಿಯುತ್ತಿದ್ದವಳು ನಾನೊಬ್ಬಳೇ ಇರಬೇಕು. ಕಂಪನಿಯಿಂದ ಅವರಿಗೆ ಎಷ್ಟು ಸಿಗುತ್ತದೋ ಅಷ್ಟು ನನ್ನ ತಲೆಯಿಂದ ಇಳಿಯುತ್ತದಲ್ಲ! 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ರೇನ್‌ಬೋ ಪೇಪರ್ಸ್ ತೀರ್ಪು ಬಂದಿತ್ತು, ರಾಜ್ಯ ಸರ್ಕಾರವೂ ಅಡಮಾನ ಇಟ್ಟುಕೊಂಡವರ ಸಾಲಿಗೇ ಸೇರುತ್ತದೆ ಅಂತ. ಅದನ್ನು ಹಿಡಿದುಕೊಂಡು ಸಿಎ ಹತ್ತಿರ ಓಡಿದೆ. ಅವರು ತಣ್ಣಗೆ ಹೇಳಿದರು: ಅದು ಗುಜರಾತಿನ ಹಳೇ ವ್ಯಾಟ್ ಕಾಯ್ದೆಯ ಮಾತು; ಜಿಎಸ್‌ಟಿ ಕಾಯ್ದೆಯ 82ನೇ ಕಲಂ, ತನ್ನ ಮೊದಲ ಹಕ್ಕನ್ನು ಹೇಳಿಕೊಳ್ಳುವಾಗಲೇ, ದಿವಾಳಿ ಸಂಹಿತೆ ಬೇರೆ ಹೇಳಿದರೆ ಅದೇ ನಡೆಯಲಿ ಅಂತ ತಲೆಬಾಗಿಬಿಟ್ಟಿದೆ.

ಕಂಪನಿಯಿಂದ ವಸೂಲಿಯಾಗದ ತೆರಿಗೆಗೆ ಇಲಾಖೆ ಮುಂದೆ ತಿರುಗುವುದು ಡೈರೆಕ್ಟರ್ ಕಡೆಗೆ. ಜಿಎಸ್‌ಟಿ ಕಾಯ್ದೆಯ 88 ಮತ್ತು 89, 1961ರ ಆದಾಯ ತೆರಿಗೆ ಕಾಯ್ದೆಯ 179 ಹೇಳುವುದು ಹೆಚ್ಚುಕಡಿಮೆ ಒಂದೇ: ಬಾಕಿ ಬಿದ್ದ ಅವಧಿಯಲ್ಲಿ ಡೈರೆಕ್ಟರ್ ಆಗಿದ್ದವರು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ. ಇಬ್ಬರಿದ್ದರೆ ಅರ್ಧರ್ಧ ಅಲ್ಲ, ಪೂರ್ತಿ ಬಾಕಿಯನ್ನು ಒಬ್ಬರಿಂದಲೇ ಕೇಳಬಹುದು. ಭಾವನ ಸೈಟು ಬ್ಯಾಂಕಿಗೆ ಹೋಗಿತ್ತು. ಖಾತೆಯಲ್ಲಿ ದುಡ್ಡಿದ್ದವಳು ನಾನು. ಇನ್ನೂ ಒಂದು ವಿಚಿತ್ರ ನೋಡಿ. ಈ ಕಲಂಗಳು ದೊಡ್ಡ ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಡೈರೆಕ್ಟರುಗಳ ತಂಟೆಗೆ ಹೋಗುವುದಿಲ್ಲ. ಅಣ್ಣತಮ್ಮ, ಗಂಡಹೆಂಡತಿ, ಭಾವನಾದಿನಿ ಸೇರಿ ಕಟ್ಟಿಕೊಳ್ಳುವ ಪ್ರೈವೇಟ್ ಲಿಮಿಟೆಡ್‌ಗೇ ಅಂತ ಇರುವುದು.

ತಪ್ಪಿಸಿಕೊಳ್ಳುವ ಬಾಗಿಲು ಒಂದಿದೆ. ವಸೂಲಿಯಾಗದೆ ಹೋಗಿದ್ದಕ್ಕೆ ನನ್ನ ಘೋರ ನಿರ್ಲಕ್ಷ್ಯವಾಗಲಿ ಕರ್ತವ್ಯಲೋಪವಾಗಲಿ ಕಾರಣವಲ್ಲ ಅಂತ ನಾನೇ ಸಾಬೀತು ಮಾಡಬೇಕು. "ನನಗೇನೂ ಗೊತ್ತಿರಲಿಲ್ಲ" ಅಂದೆ. ಗೊತ್ತುಮಾಡಿಕೊಳ್ಳದೆ ಇದ್ದದ್ದೇ ನಿರ್ಲಕ್ಷ್ಯ ಅಲ್ಲವೇ ಮೇಡಂ ಅಂದರು ಅಧಿಕಾರಿ. ಉತ್ತರ ಇರಲಿಲ್ಲ.

2017ರಲ್ಲಿ ರಾಜೀನಾಮೆ ಬರೆದುಕೊಟ್ಟಿದ್ದೆ. ಭಾವ ಅದನ್ನು ಜೇಬಿಗಿಟ್ಟು "ಇನ್ನೊಬ್ಬರು ಸಿಗಲಿ, ಹಾಕೋಣ" ಅಂದಿದ್ದರು. ಸ್ವೀಕೃತಿ ಇಲ್ಲ, ಇಮೇಲ್ ಇಲ್ಲ, ರಾಜೀನಾಮೆ ತಿಳಿಸಲು ಕಂಪನಿ ಸಲ್ಲಿಸಬೇಕಿದ್ದ ಡಿಐಆರ್-12 ಫಾರಂ ಇಲ್ಲ. ನಾನೇ ಡಿಐಆರ್-11 ಸಲ್ಲಿಸಬಹುದಿತ್ತು, ಅಂಥದ್ದೊಂದು ಇದೆ ಅಂತ ತಿಳಿದದ್ದು ಆರು ವರ್ಷ ಕಳೆದಮೇಲೆ. ಅದಕ್ಕಿಂತ ನನ್ನನ್ನು ಕೆಡವಿದ್ದು ಓಟಿಪಿ. ಪ್ರತಿ ಸೆಪ್ಟೆಂಬರ್‌ನಲ್ಲಿ ಕಂಪನಿಯ ಅಕೌಂಟೆಂಟ್ ಫೋನ್ ಮಾಡಿ "ಮೇಡಂ, ಒಂದು ಓಟಿಪಿ ಬರುತ್ತೆ, ಹೇಳಿ" ಅನ್ನುತ್ತಿದ್ದ, ನಾನು ಕ್ಲಾಸಿನ ಮಧ್ಯೆಯೇ ಹೇಳಿಬಿಡುತ್ತಿದ್ದೆ. ಅದು ಡೈರೆಕ್ಟರುಗಳ ಕೆವೈಸಿ. 2017ರಲ್ಲೇ ಬಿಟ್ಟೆ ಅನ್ನುವವಳು ವರ್ಷಾವರ್ಷ ತನ್ನ ಡೈರೆಕ್ಟರ್ ನಂಬರನ್ನು ಚಾಲ್ತಿಯಲ್ಲಿ ಇಟ್ಟುಕೊಂಡಿದ್ದಳು! ನನ್ನ ಡಿಜಿಟಲ್ ಸಹಿಯ ಡಾಂಗಲ್ ಕೂಡ ಅವನ ಡ್ರಾಯರಿನಲ್ಲೇ ಇತ್ತು. ನೋಟಿಸುಗಳು ನನಗೆ ಯಾಕೆ ಬರಲಿಲ್ಲ ಅಂದರೆ, ಕೆಲವು ಕಂಪನಿಯ ಜಿಎಸ್‌ಟಿ ಪೋರ್ಟಲ್ಲಿಗೆ ಬಂದಿದ್ದವು, ಲಾಗಿನ್ ಅವನ ಬಳಿ. ಉಳಿದವು ನಾವು ಎಂದೋ ಬಿಟ್ಟಿದ್ದ ಬಾಡಿಗೆ ಮನೆಯ ವಿಳಾಸಕ್ಕೆ.

ಸದ್ಯ ಜಿಎಸ್‌ಟಿ ಆದೇಶದ ಮೇಲೆ ಮೇಲ್ಮನವಿ ಹಾಕಿದ್ದೇನೆ. ಅದಕ್ಕೆ ವಿವಾದದ ತೆರಿಗೆಯ ಶೇಕಡಾ 10 ಮೊದಲೇ ಕಟ್ಟಬೇಕು, ನನ್ನ ಎರಡು ಬಳೆ, ಒಂದು ಸರ ಅಲ್ಲಿಗೆ ಹೋದವು. ಮೇಲ್ಮನವಿಗೆ ಇರುವುದು ಮೂರೇ ತಿಂಗಳು, ಅದನ್ನು ಮಾತ್ರ ಕಳೆದುಕೊಳ್ಳಬೇಡಿ. ಆದಾಯ ತೆರಿಗೆಯದ್ದು ಚಿಕ್ಕ ಮೊತ್ತ, ಅದೂ ನಡೆಯುತ್ತಿದೆ. "ಕಂಪನಿ ಹೆಸರನ್ನು ರಿಜಿಸ್ಟರಿನಿಂದ ಹೊಡೆಸಿಬಿಟ್ಟಿದ್ದರೆ ಆಗ್ತಿತ್ತು" ಅಂತ ಒಬ್ಬ ನೆಂಟರು ಬುದ್ಧಿ ಹೇಳಿದರು. ಇಲ್ಲ, ಹೆಸರು ಹೊಡೆದರೂ ಡೈರೆಕ್ಟರುಗಳ ಹೊಣೆ ಉಳಿಯುತ್ತದೆ ಅಂತ ಕಂಪನಿ ಕಾಯ್ದೆಯ 248ನೇ ಕಲಂನಲ್ಲೇ ಇದೆ.

ಅಕ್ಕ ಈ ಸಲ ಗೌರಿ ಹಬ್ಬಕ್ಕೆ ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ನೀವು ಎಂದಾದರೂ ನೆಂಟರ ಕಂಪನಿಗೆ "ಹೆಸರಿಗಷ್ಟೇ" ಸಹಿ ಹಾಕಿದ್ದರೆ, ಅಥವಾ ಯಾರೋ ಆಗಾಗ ಓಟಿಪಿ ಕೇಳುತ್ತಿದ್ದರೆ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿನಲ್ಲಿ ಆ ಕಂಪನಿಯ ಹೆಸರು ಹಾಕಿ ಡೈರೆಕ್ಟರುಗಳ ಪಟ್ಟಿ ತೆಗೆದು ನೋಡಿ. ನಿಮ್ಮ ಹೆಸರಿದ್ದರೆ ಮೊದಲು ಆ ಡಾಂಗಲ್ ವಾಪಸ್ ತರಿಸಿಕೊಳ್ಳಿ. ಆಮೇಲೆ ರಾಜೀನಾಮೆಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಭಾವನ ಕೈಗೆ ಕೊಡಬೇಡಿ.