ಹಲಸಿನ ಎಲೆ, ಪೆನ್ಸಿಲ್ ಮೊನೆ, ಗೆರಟೆ: ಮೂರನ್ನೂ ಕೆತ್ತಿ ನೋಡಿದೆ

ಮಂಗಳೂರಿನ ಮಳೆಗಾಲದಲ್ಲಿ ಸಂಜೆ ಹೊರಗೆ ಹೋಗುವ ಹಾಗಿಲ್ಲ. ಹೋದ ವರ್ಷ ಆ ಸಂಜೆಗಳನ್ನು ಕೆತ್ತನೆಗೆ ಕೊಟ್ಟೆ.

ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಕಥೆ ಬೇಗ ಮುಗಿಯುತ್ತದೆ. ಗರಗಸದ ಬ್ಲೇಡು, ಅರ, ಸ್ಯಾಂಡ್ ಪೇಪರ್ ಇದ್ದರೆ ಸಾಕು. ತಪ್ಪಿದರೆ ಉಜ್ಜಿ ಸರಿಮಾಡಬಹುದು. ಆದರೆ ಮನೆಯೆಲ್ಲ ಕಂದು ಧೂಳು, ಮತ್ತೆ ನೂಲಿನಷ್ಟು ತೆಳುವಾದ ಗೆರೆ ನನ್ನ ಕೈಗೆ ಬರಲೇ ಇಲ್ಲ. ಒಂದು ಕಿವಿಯೋಲೆ ಆಯಿತು. ಇನ್ನೊಂದು ಕಿವಿಯದ್ದು ಇನ್ನೂ ಬಾಕಿ.

ಪೆನ್ಸಿಲ್ ಮೊನೆಗೆ ಕೈ ಹಾಕಿದ್ದು ಡಾಲ್ಟನ್ ಘೆಟ್ಟಿಯವರ ಕೆಲಸ ನೋಡಿ. ಬ್ರೆಜಿಲ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇವರು ವೃತ್ತಿಯಲ್ಲಿ ಬಡಗಿ. ಹೊಲಿಗೆ ಸೂಜಿ, ರೇಜರ್ ಬ್ಲೇಡು ಹಿಡಿದು, ಭೂತಗನ್ನಡಿ ಇಲ್ಲದೆ ಕೆತ್ತುತ್ತಾರೆ. 26 ಪೆನ್ಸಿಲ್‌ಗಳ ಮೇಲೆ ಇಂಗ್ಲಿಷ್ ಅಕ್ಷರಮಾಲೆ ಮುಗಿಸಲು ಎರಡೂವರೆ ವರ್ಷ ಹಿಡಿಯಿತಂತೆ. ನಾನು 'ಅ' ಕೆತ್ತಲು ಹೊರಟೆ. ಸಾಮಾನ್ಯ ಹೆಚ್‌ಬಿ ಪೆನ್ಸಿಲ್‌ನ ಮೊನೆ ಬರೀ 2 ಮಿಲಿಮೀಟರ್ ದಪ್ಪ, ಹಾಗಾಗಿ ಬಡಗಿಗಳ ಚಪ್ಪಟೆ ಪೆನ್ಸಿಲ್ ತಂದೆ. ಮೊನೆ ಅಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟ್ ಜಾಸ್ತಿಯಿದ್ದರೆ ಮೆದು, ಬೇಗ ಪುಡಿಯಾಗುತ್ತದೆ. ಮಣ್ಣು ಜಾಸ್ತಿಯಾದರೆ ಗಟ್ಟಿ, ಆದರೆ ಟಕ್ಕಂತ ಮುರಿಯುತ್ತದೆ. ಇಂಗ್ಲಿಷಿನ 'ಎಲ್' ಎರಡು ನೆಟ್ಟಗಿನ ಗೆರೆ. ನಮ್ಮ ಅಕ್ಷರಗಳೋ ಎಲ್ಲಿ ನೋಡಿದರೂ ತಿರುವು, ಒಂದೊಂದು ತಿರುವಿನಲ್ಲೂ ಒಂದೊಂದು ಮೊನೆ ಹೋಯಿತು. ಹನ್ನೊಂದು ಮುರಿದ ಮೇಲೆ ನೆಟ್ಟಗೆ ಬಂದದ್ದು ಒಂದು ಸೊನ್ನೆ. ಸುಮ್ನೆ ಹೇಳುತ್ತಿಲ್ಲ, ಕಪಾಟಿನಲ್ಲಿದೆ. ಘೆಟ್ಟಿಯವರೂ ಮುರಿದದ್ದನ್ನು ಎಸೆಯದೆ ಥರ್ಮಾಕೋಲಿಗೆ ಚುಚ್ಚಿಟ್ಟು, ಅದಕ್ಕೆ 'ಸ್ಮಶಾನ' ಅಂತ ಹೆಸರಿಟ್ಟಿದ್ದಾರೆ. ಅದೊಂದೇ ಸಮಾಧಾನ.

ಎಲೆಗೆ ಬಂದಾಗ ಕೈ ಹಗುರಾಯಿತು. ಜಪಾನಿನ ಎಲೆ ಕಲಾವಿದ ಲಿಟೋ ಒಂದೇ ಎಲೆಯೊಳಗೆ ಪ್ರಾಣಿಗಳ ಪುಟ್ಟ ಲೋಕವನ್ನೇ ಕತ್ತರಿಸಿ, ಆಕಾಶಕ್ಕೆ ಹಿಡಿದು ಫೋಟೊ ತೆಗೆಯುತ್ತಾರೆ. ನಮಗೆ ಹಲಸಿನ ಎಲೆ ಇದೆಯಲ್ಲ. ಅಶ್ವತ್ಥದ ಎಲೆ ತೆಳು, ಹರಿಯುತ್ತದೆ. ಹಲಸಿನದ್ದು ದಪ್ಪ, ಬ್ಲೇಡಿಗೆ ತಡೆ ಕೊಡುತ್ತದೆ. ಹಿಂಬದಿಗೆ ಬಾಲ್ ಪೆನ್ನಿನಲ್ಲಿ ಯಕ್ಷಗಾನದ ಕಿರೀಟ ಬರೆದುಕೊಂಡು, 11ನೇ ನಂಬರಿನ ಸರ್ಜಿಕಲ್ ಬ್ಲೇಡಿನಿಂದ ಒಳಗಿನ ಸಣ್ಣ ತೂತುಗಳನ್ನು ಮೊದಲು ತೆಗೆದೆ. ಅಂಚು ಕೊನೆಗೆ. ಪ್ರತಿ ತುಂಡೂ ಎಲ್ಲಾದರೂ ಒಂದು ಕಡೆ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಉದುರಿತು. ನಡುವಿನ ನರ ಕಂಬದ ಹಾಗೆ ಎಲ್ಲವನ್ನೂ ಹಿಡಿಯುತ್ತದೆ. ಬ್ಲೇಡು ಜಾರಿ ಒಂದು ಮಣಿ ಹೋಯಿತು, ಅಲ್ಲೊಂದು ಹೂವು ಮಾಡಿದೆ. ಮೊನೆಯಲ್ಲಿ ಈ ಉಪಾಯ ನಡೆಯುವುದಿಲ್ಲ.

ತೊಂದರೆ ಎರಡು. ಎಳೆ ಎಲೆಯ ಮೇಣ ಬ್ಲೇಡಿಗೆ ಅಂಟುತ್ತದೆ, ಆಗಾಗ ತೆಂಗಿನೆಣ್ಣೆಯಲ್ಲಿ ಒರೆಸಬೇಕು. ಎರಡನೆಯದು ನಮ್ಮ ಊರಿನ ಹವೆ. ಪೇಪರಿನ ನಡುವೆ ಒತ್ತಿಟ್ಟ ಕಿರೀಟಕ್ಕೆ ನಾಲ್ಕನೇ ದಿನಕ್ಕೇ ಬೂಸಲು. ಈಗ ಗ್ಲಿಸರಿನ್ ಒಂದು ಪಾಲು, ನೀರು ಎರಡು ಪಾಲು ಬೆರೆಸಿ ಎಲೆಯನ್ನು ಮೊದಲೇ ನೆನೆಸುತ್ತೇನೆ. ಬಣ್ಣ ಕಂದಾಗುತ್ತದೆ, ಆದರೆ ಮುರುಟುವುದಿಲ್ಲ. ಬಾಳಿಕೆಯಲ್ಲಿ ಪೆನ್ಸಿಲ್‌ನ ಸೊನ್ನೆಯೇ ಮುಂದೆ, ಒಪ್ಪುತ್ತೇನೆ. ಆದರೂ ನಾನು ಎಲೆಯ ಕಡೆ.

ಅಮ್ಮ ಮಾತ್ರ ಆ ಕಡೆ ಇಲ್ಲ. ಅಷ್ಟಮಿಗೆ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಅದರಲ್ಲಿ ಕಡುಬು ಬೇಯಿಸಲು ತಂದಿಟ್ಟ ಎಲೆಗಳಿಗೇ ನಾನು ಕೈ ಹಾಕಿದ್ದೆ. "ಎಂತ ಮಾರಾಯ, ಕೊಟ್ಟೆಗೆ ತಂದದ್ದು ಅದು!" ಕೊನೆಗೆ ಹುಳ ತಿಂದ ಎಲೆಗಳನ್ನೆಲ್ಲ ಆರಿಸಿ ನನ್ನ ಮುಂದೆ ಹಾಕಿದರು. "ತೂತು ಹೇಗೂ ನೀನೇ ಮಾಡುವುದಲ್ವಾ?"