ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕ: ನಾವು ಕಳೆದ 26 ದಿನ

ನಮ್ಮ ಮಗಳು ಹುಟ್ಟಿದ್ದು 32ನೇ ವಾರಕ್ಕೆ. ತೂಕ 1 ಕೆಜಿ 450 ಗ್ರಾಂ. ಬಿಪಿ ಇಳಿಯಲೇ ಇಲ್ಲ ಅಂತ ತಾಲ್ಲೂಕಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ರಾತ್ರಿಯೇ ಸಿಸೇರಿಯನ್ ಮಾಡಿದರು. ಮಾಡಿದ ಮೇಲೆ, ನಮ್ಮಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಲ್ಲ, ಜಿಲ್ಲಾ ಆಸ್ಪತ್ರೆಗೆ ಹೋಗಿ ಅಂದರು. ಈ ಮಾತನ್ನು ಮುಂಚೆಯೇ ಹೇಳಿದ್ದರೆ ಮಗು ಹೊಟ್ಟೆಯಲ್ಲಿದ್ದಾಗಲೇ ಇಬ್ಬರೂ ಹೋಗಬಹುದಿತ್ತು, ಅಲ್ವಾ? ಮಗು ಅಪ್ಪನ ಜೊತೆ ಆಂಬುಲೆನ್ಸ್‌ನಲ್ಲಿ ಹೋಯಿತು. ನಾನು ಹೊಲಿಗೆಯ ನೋವಿನಲ್ಲಿ ಮೂರು ದಿನ ಅಲ್ಲೇ ಮಲಗಿದ್ದೆ. ಎಂಟನೇ ತಿಂಗಳಲ್ಲಿ ಹುಟ್ಟಿದ್ದು ಉಳಿಯಲ್ಲ ಅಂತ ಅಜ್ಜಿ ಬೇರೆ ಅಳುತ್ತಿದ್ದರು.

ಉಳಿಯಿತು. ಅದು ಈ ಘಟಕದ ಸಿಸ್ಟರ್‌ಗಳ ಕೈಗುಣ. ಮೊದಲ ವಾರ ಮೂಗಿಗೆ ಸಿಪ್ಯಾಪ್ (ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ), ಪಕ್ಕದಲ್ಲಿ ಬಾಟಲಿ ನೀರು ಬುಳುಬುಳು ಅನ್ನುತ್ತಲೇ ಇರುತ್ತಿತ್ತು. ಆಮೇಲೆ ನಳಿಕೆಯಲ್ಲಿ ನನ್ನದೇ ಹಾಲು, ಆಮೇಲೆ ಒಳಲೆಯಲ್ಲಿ. ನಾನು ಬಂದ ದಿನವೇ ಕಾಂಗರೂ ಆರೈಕೆ ಹೇಳಿಕೊಟ್ಟರು. ಬರೀ ಟೋಪಿ, ಡೈಪರ್ ಹಾಕಿದ ಕೂಸನ್ನು ಎದೆಗೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಪದ್ಧತಿಯಂತೆ. ಹುಟ್ಟಿದ ಕೂಡಲೇ ಇದನ್ನು ಶುರು ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ನನಗೂ ಅವಳಿಗೂ ಆ ಮೂರು ದಿನ ತಪ್ಪಿಹೋಯಿತು, ಅದೇ ಇವತ್ತಿಗೂ ಸಂಕಟ.

ದುಡ್ಡು? ಚಿಕಿತ್ಸೆಗೆ ಒಂದು ರೂಪಾಯಿ ಕೇಳಲಿಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ಟೆಸ್ಟ್, ರಕ್ತ ಎಲ್ಲ ಉಚಿತ.

ಕಷ್ಟ ಇರುವುದು ಜಾಗಕ್ಕೆ. ಕೂಸನ್ನು ಬೆಚ್ಚಗಿಡುವ ವಾರ್ಮರ್ ಮಂಚ 12, ಕೆಲವು ದಿನ ಒಂದರಲ್ಲೇ ಇಬ್ಬರು ಮಕ್ಕಳು. ನಂಜಿನ ಭಯ ಇರುವ ಕಡೆ ಹೀಗಾಗಬಾರದು. ವರ್ಷದಿಂದ ವರ್ಷಕ್ಕೆ ದಾಖಲಾತಿ ಜಾಸ್ತಿ ಆಗುತ್ತಿದೆ ಅಂದರು ಹಿರಿಯ ಸಿಸ್ಟರ್. ಅದರಲ್ಲಿ ಒಳ್ಳೆಯದೂ ಇದೆ. ಮೊದಲು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಕಣ್ಮುಚ್ಚುತ್ತಿದ್ದ ಕೂಸುಗಳು ಈಗ ಇಲ್ಲಿಗೆ ತಲುಪುತ್ತಿವೆ, ರಾಜ್ಯದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿದೆ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಶೇ. 31.5, ಅದರ ಹಿಂದಿನದರಲ್ಲಿ ಶೇ. 23.6 ಇತ್ತು. ನನ್ನಂಥವರಿಗೆ ಅದು ಬೇಕೇ ಬೇಕು. ಆದರೆ ಒಳ್ಳೆ ನಕ್ಷತ್ರ ಅಂತ 37ನೇ ವಾರಕ್ಕೇ ಸುಮ್ನೆ ಮಾಡಿಸಿಕೊಂಡರೆ ಕೂಸಿನ ಶ್ವಾಸಕೋಶದಲ್ಲಿ ನೀರು ಉಳಿದು ಉಸಿರು ಮೇಲೆ ಕೆಳಗೆ ಆಗಬಹುದು. ನನ್ನ ಪಕ್ಕದ ಮಂಚದ ಬಾಣಂತಿಯ ಕೂಸಿಗೆ ಆಗಿದ್ದು ಅದೇ.

ತಾಯಂದಿರ ಕೋಣೆ ಸರಿ ಮಾಡಲೇಬೇಕು. ಹಸಿ ಬಾಣಂತಿಯರು ಎರಡು ಗಂಟೆಗೊಮ್ಮೆ ಎದ್ದು ಹಾಲು ಹಿಂಡಬೇಕು, ಹದಿನಾಲ್ಕು ಜನಕ್ಕೆ ಒಂದೇ ಬಚ್ಚಲು, ಬಿಸಿನೀರು ಬೆಳಿಗ್ಗೆ ಮಾತ್ರ. ಡಾಕ್ಟರ್ ದಿನಕ್ಕೆ ಒಂದೇ ಸಲ ಸಿಗುತ್ತಾರೆ, ಅದೂ ಅವಸರದಲ್ಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲ 2 ಕೆಜಿಗಿಂತ ಕಡಿಮೆ ಇರುವ ಮಗುವಿಗೆ 30 ದಿನದೊಳಗೆ ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು, ತಡವಾದರೆ ದೃಷ್ಟಿಯೇ ಹೋಗಬಹುದು. ನಮಗೆ ಬಾಯಲ್ಲಿ ಹೇಳಿದ್ದರು, ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಬರೆದಿರಲಿಲ್ಲ. ಮನೆಗೆ ಬಂದ ಆಶಾ ಕಾರ್ಯಕರ್ತೆ ನೆನಪಿಸಿದ್ದಕ್ಕೆ 29ನೇ ದಿನ ಹೋದೆವು.