ಜೀವಕೋಶದ ಜಗ್ಗಾಟ ಅಳೆಯಲು ಜೆಲ್ಲೋ, ಕಂಬವೋ, ಸೆನ್ಸರೋ?

ಡಿಶ್‌ನಲ್ಲಿ ಹರಡಿಕೊಂಡ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ ಜೀವಕೋಶ) ತನ್ನಡಿಯ ನೆಲವನ್ನು ಸದಾ ಒಳಕ್ಕೆ ಜಗ್ಗುತ್ತಿರುತ್ತದೆ. ನೆಲವನ್ನು ಹಿಡಿಯುವುದು ಇಂಟೆಗ್ರಿನ್, ಒಳಗಿನಿಂದ ಎಳೆಯುವುದು ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್‌ಗಳು. ನಡುವೆ ಕೊಂಡಿಯಾಗಿರುವುದು ಟ್ಯಾಲಿನ್ ಎಂಬ ಪ್ರೋಟೀನ್. ಸುಮಾರು 5 ಪಿಕೋನ್ಯೂಟನ್ ಬಲ ಬಿದ್ದರೆ ಅದರ ಒಂದು ಮಡಿಕೆ ಬಿಚ್ಚಿಕೊಳ್ಳುತ್ತದೆ, ಒಳಗೆ ಮುಚ್ಚಿಹೋಗಿದ್ದ ಜಾಗಕ್ಕೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಕೂತು ಹಿಡಿತವನ್ನು ಬಿಗಿ ಮಾಡುತ್ತದೆ. ನೆಲ ಮೆತ್ತಗಿದ್ದರೆ ಬಲ ನಿಧಾನಕ್ಕೆ ಏರುತ್ತದೆ, ಮಡಿಕೆ ಬಿಚ್ಚುವ ಮೊದಲೇ ಹಿಡಿತ ಕಳಚುತ್ತದೆ. ನೆಲ ಗಟ್ಟಿಯೋ ಮೆತ್ತಗೋ ಎಂಬುದು ಜೀವಕೋಶಕ್ಕೆ ತಿಳಿಯುವ ಮುಖ್ಯ ದಾರಿಗಳಲ್ಲಿ ಇದೊಂದು.

ಈ ಜಗ್ಗಾಟವನ್ನು ಅಳೆಯುವ ಮೂರು ವಿಧಾನಗಳನ್ನು (ಜೆಲ್, ಸಣ್ಣ ಕಂಬಗಳು, ಕೋಶದೊಳಗಿನ ಸೆನ್ಸರ್) ಒಂದೇ ಬಗೆಯ ಫೈಬ್ರೋಬ್ಲಾಸ್ಟ್‌ಗಳ ಮೇಲೆ ಬಳಸಿದ್ದೇನೆ. ಯಾವುದರಿಂದ ಶುರುಮಾಡಲಿ ಎಂದು ಲ್ಯಾಬಿಗೆ ಹೊಸದಾಗಿ ಬಂದವರು ಕೇಳಿದರೆ ನಾನು ಹೇಳುವುದು ಪಾಲಿಅಕ್ರಿಲಮೈಡ್ ಜೆಲ್.

ಜೆಲ್‌ಗೆ ಬೇಕಾದ ಸಾಮಾನು ಪ್ರೋಟೀನ್ ಕೆಲಸ ಮಾಡುವ ಲ್ಯಾಬ್‌ಗಳಲ್ಲಿ ಬಹುಪಾಲು ಆಗಲೇ ಇರುತ್ತದೆ. ಅಕ್ರಿಲಮೈಡ್ ಮತ್ತು ಅದರ ಎಳೆಗಳನ್ನು ಬೆಸೆಯುವ ಬಿಸ್‌ಅಕ್ರಿಲಮೈಡ್ ಪ್ರಮಾಣ ಬದಲಿಸಿದರೆ 1 ಕಿಲೋಪ್ಯಾಸ್ಕಲ್‌ನ ಮೆದು ನೆಲವೂ ಸಿಗುತ್ತದೆ, 40ರ ಗಟ್ಟಿ ನೆಲವೂ ಸಿಗುತ್ತದೆ. ಟ್ಯೂಬಿನಲ್ಲಿ ಉಳಿದ ದ್ರಾವಣವನ್ನು ಓರೆ ಮಾಡಿ ನೋಡಿ, ಅದು ಹರಿಯದಿದ್ದರೆ ಗಾಜಿನ ಮೇಲೆ ಸುರಿದದ್ದೂ ಜೆಲ್ ಆಗಿದೆ ಎಂದರ್ಥ. ಅದರ ಮೇಲೆ ಮುಚ್ಚಿದ ತೆಳು ಗಾಜನ್ನು (ಕವರ್‌ಸ್ಲಿಪ್) ಬಫರ್‌ನೊಳಗೇ ಎತ್ತಬೇಕು, ಒಣ ಕೈಯಲ್ಲಿ ಎತ್ತಿದರೆ ಜೆಲ್ ಕಿತ್ತುಹೋಗುತ್ತದೆ. ಜೀವಕೋಶ ಹಿಡಿಯಲು ಬೇಕಾದ ಫೈಬ್ರೋನೆಕ್ಟಿನ್ ಪ್ರೋಟೀನನ್ನು ಜೆಲ್‌ಗೆ ಅಂಟಿಸಲು ಬಳಸುವ ಸಲ್ಫೋ-ಸ್ಯಾನ್ಪಾ ಯುವಿ ಬೆಳಕಿನಲ್ಲಿ ಕಿತ್ತಳೆಯಿಂದ ಕಂದಾಗುತ್ತದೆ. ಅದನ್ನು ನೀರಿಗೆ ಹಾಕಿದ ಮೇಲೆ ತಡಮಾಡುವಂತಿಲ್ಲ.

ಜೆಲ್‌ನಲ್ಲಿ ಹುದುಗಿಸಿದ ಹೊಳೆಯುವ ಮಣಿಗಳ ಚಿತ್ರ ತೆಗೆದು, ಆಮೇಲೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿದರೆ ಜೀವಕೋಶ ಕಳಚಿಕೊಳ್ಳುತ್ತದೆ, ಮಣಿಗಳು ಹೊರಕ್ಕೆ ಸರಿದು ತಮ್ಮ ಮೂಲ ಜಾಗಕ್ಕೆ ಮರಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕೆನಿಸಿಲ್ಲ. ಕಷ್ಟವಿರುವುದು ಲೆಕ್ಕದಲ್ಲಿ. ಮಣಿ ಸರಿದ ದೂರದಿಂದ ಬಲವನ್ನು ಹಿಮ್ಮುಖವಾಗಿ ತೆಗೆಯಬೇಕು, ಚಿತ್ರದಲ್ಲಿ ಸ್ವಲ್ಪ ನಾಯ್ಸ್ ಇದ್ದರೂ ಉತ್ತರ ಅಲುಗಾಡುತ್ತದೆ. ಜೆಲ್ ತೀರಾ ತೆಳ್ಳಗಿದ್ದರೆ ಜೀವಕೋಶಕ್ಕೆ ಅಡಿಯ ಗಾಜೇ ತಾಕಿದಂತಾಗುತ್ತದೆ, ಅದೂ ನೆನಪಿರಲಿ.

ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನ ಸಣ್ಣ ಕಂಬಗಳಲ್ಲಿ ಲೆಕ್ಕದ ತಲೆನೋವಿಲ್ಲ. ಕಂಬ ಬಾಗಿದಷ್ಟು ಬಲ, ಅಷ್ಟೇ. ಎತ್ತರ ಎರಡು ಪಟ್ಟಾದರೆ ಕಂಬ ಬಾಗುವುದು ಎಂಟು ಪಟ್ಟು ಸುಲಭ, ಆದ್ದರಿಂದ ಮೇಲ್ಮೈಯ ರಸಾಯನ ಮುಟ್ಟದೆ ಗಡಸುತನವನ್ನಷ್ಟೇ ಬದಲಿಸಬಹುದು. ಜೆಲ್‌ನಲ್ಲಿ ಇದಾಗದು, ಗಡಸುತನದ ಜೊತೆ ರಂಧ್ರಗಳ ಗಾತ್ರವೂ ಬದಲಾಗಬಹುದು. ಆದರೆ ಎಥನಾಲ್‌ನಿಂದ ಬಫರ್‌ಗೆ ಸಾಗಿಸುವಾಗ ಕಂಬಗಳು ಒಂದು ಕ್ಷಣ ಒಣಗಿದರೂ ಒಂದಕ್ಕೊಂದು ಅಂಟಿ ಮಲಗುತ್ತವೆ. ಅಲ್ಲದೆ ಜೀವಕೋಶಕ್ಕೆ ಕಾಲಿಡಲು ಸಿಗುವುದು ಕಂಬದ ತುದಿಗಳು ಮಾತ್ರ, ಅಲ್ಲಿ ಅಂಟುವ ಜಾಗದ ಆಕಾರವನ್ನು ನಾವೇ ನಿಗದಿ ಮಾಡಿಬಿಟ್ಟಿರುತ್ತೇವೆ. ನನಗೆ ಒಪ್ಪಿಗೆಯಾಗದ್ದು ಇದೇ.

ಇವೆರಡೂ ಹೇಳುವುದು ಜೀವಕೋಶ ನೆಲವನ್ನು ಎಷ್ಟು ಎಳೆಯಿತು ಎಂದು. ಯಾವ ಪ್ರೋಟೀನ್ ಆ ಭಾರ ಹೊತ್ತಿತು ಎಂದು ತಿಳಿಯಬೇಕಾದರೆ 2010ರಲ್ಲಿ ಬಂದ ವಿಂಕ್ಯುಲಿನ್ ಸೆನ್ಸರ್ ಬೇಕು. ಎರಡು ಹೊಳೆಯುವ ಪ್ರೋಟೀನ್‌ಗಳ ನಡುವೆ ಜೇಡರ ರೇಷ್ಮೆಯ ಅನುಕ್ರಮದ 40 ಅಮೈನೋ ಆಮ್ಲಗಳ ಸ್ಪ್ರಿಂಗ್ ಇಟ್ಟು, ಅದನ್ನು ವಿಂಕ್ಯುಲಿನ್‌ನ ತಲೆ ಮತ್ತು ಬಾಲದ ನಡುವೆ ಸೇರಿಸಿದ್ದಾರೆ. ಎಳೆತ ಹೆಚ್ಚಿದಂತೆ ಆ ಎರಡು ಪ್ರೋಟೀನ್‌ಗಳು ದೂರ ಸರಿದು, ಒಂದರಿಂದ ಇನ್ನೊಂದಕ್ಕೆ ಶಕ್ತಿ ದಾಟುವ ಪ್ರಮಾಣ, ಅಂದರೆ ಫ್ರೆಟ್, ಇಳಿಯುತ್ತದೆ. 1ರಿಂದ 6 ಪಿಕೋನ್ಯೂಟನ್‌ವರೆಗೆ ಇದು ಸೂಕ್ಷ್ಮ, ಗಟ್ಟಿಯಾಗಿ ನೆಲೆನಿಂತ ಅಂಟುತಾಣಗಳಲ್ಲಿ ಸರಾಸರಿ 2.5ರ ಆಸುಪಾಸು ಸಿಕ್ಕಿತ್ತು. ಒಂದೇ ಪ್ರೋಟೀನಿನ ಮೇಲಿನ ಬಲವನ್ನು ಜೀವಂತ ಕೋಶದೊಳಗೇ ಓದಬಹುದು ಎಂಬುದು ನನಗೆ ಈಗಲೂ ಬೆರಗಿನ ಸಂಗತಿ. ಆದರೆ ಬಾಲವಿಲ್ಲದ, ಎಳೆತ ಹೊರಲಾರದ ಸೆನ್ಸರನ್ನು ಪಕ್ಕದ ಡಿಶ್‌ನಲ್ಲಿ ಬೆಳೆಸದೆ ಬಂದ ಯಾವ ಫ್ರೆಟ್ ಸಂಖ್ಯೆಯನ್ನೂ ನಾನು ನಂಬುವುದಿಲ್ಲ. ಮಯೋಸಿನ್ ತಡೆಯಲು ಬ್ಲೆಬಿಸ್ಟಾಟಿನ್ ಎಂಬ ರಾಸಾಯನಿಕ ಬೇಡ, ಸೆನ್ಸರಿಗೆ ಬೇಕಾದ ನೀಲಿ ಬೆಳಕಿನಲ್ಲಿ ಅದು ಕೆಟ್ಟು ಕೋಶಕ್ಕೇ ವಿಷವಾಗುತ್ತದೆ. ಅದರ ಬದಲು ವೈ-27632 ಎಂಬ ರಾಸಾಯನಿಕ ಬಳಸಿ.

ಈಗ ನಾನು ಜೆಲ್‌ನಲ್ಲಿ ಮಣಿಗಳನ್ನು ಅಳೆದು, ಅದೇ ಗಡಸುತನದ ಇನ್ನೊಂದು ಜೆಲ್‌ನಲ್ಲಿ ನೆಲದ ಗಡಸುತನಕ್ಕೆ ತಕ್ಕಂತೆ ಕೋಶದೊಳಗೆ ಜಾಗ ಬದಲಿಸುವ ಯಾಪ್ ಎಂಬ ಪ್ರೋಟೀನಿಗೆ ಬಣ್ಣ ಕಟ್ಟುತ್ತೇನೆ. ಗಟ್ಟಿ ನೆಲದಲ್ಲಿ ಅದು ನ್ಯೂಕ್ಲಿಯಸ್‌ನಲ್ಲಿರಬೇಕು, ಮೆದು ನೆಲದಲ್ಲಿ ಹೊರಗೆ ಸೈಟೋಪ್ಲಾಸಂನಲ್ಲಿರಬೇಕು. ಇವೆರಡೂ ತಾಳೆಯಾದ ಮೇಲಷ್ಟೇ ಸೆನ್ಸರಿಗೆ ಕೈಹಾಕುವುದು. ರಂಧ್ರದಿಂದ ಬಂದ ವ್ಯತ್ಯಾಸವೋ ಗಡಸುತನದಿಂದ ಬಂದದ್ದೋ ಎಂಬ ಅನುಮಾನ ಉಳಿದಾಗ ಮಾತ್ರ ಕಂಬಗಳನ್ನು ಅಚ್ಚು ಹಾಕುತ್ತೇನೆ.